ಐದು ಸೆಂಟಿನ ಹಣೆಗೊಂದು ಬೊಟ್ಟು

ನಾನು ಸಿಟ್ಟಿನ ಮನುಷ್ಯನಲ್ಲ. ಈ ಮಾತು ಹೇಳಿದಾಗಲೆಲ್ಲ ನನ್ನ ಹೆಂಡತಿ ಗೀತ ಅಡುಗೆಮನೆಯಿಂದ ಒಮ್ಮೆ ಕೆಮ್ಮುತ್ತಾಳೆ, ಆದರೂ ಹೇಳುತ್ತೇನೆ. ನಾನು ಚಿಂತೆಯ ಮನುಷ್ಯ. ವಿಮಾ ಕಂಪನಿಯೊಂದರಲ್ಲಿ ಕೂತು ಬೆಂಕಿ, ಕಳವು, ನೀರು, ಇಲಿ ಇವುಗಳಿಂದಾದ ನಷ್ಟದ ಅರ್ಜಿಗಳನ್ನೇ ಓದಿ ಓದಿ ಅರ್ಧ ಆಯಸ್ಸು ಕಳೆದವನು. ಯಾವ ವಸ್ತುವನ್ನು ಕಂಡರೂ ಅದು ಚೆನ್ನಾಗಿದೆ ಎಂದು ಅನ್ನಿಸುವ ಮೊದಲೇ ಅದು ಯಾವ ಯಾವ ರೀತಿಯಲ್ಲಿ ಹಾಳಾಗಬಹುದು ಎನ್ನುವುದು ಹೊಳೆದುಬಿಡುತ್ತದೆ. ಮದುವೆಮನೆಗೆ ಹೋದರೆ ವಧೂವರರಿಗಿಂತ ಮೊದಲು ಹೊರಗೆ ಓಡುವ ಬಾಗಿಲು ಎಲ್ಲಿದೆ ಎಂದು ನೋಡಿಕೊಳ್ಳುತ್ತೇನೆ. ಇಂಥವನು ನೂರ ಎಪ್ಪತ್ತು ವರ್ಷಕ್ಕೂ ಹಳೆಯದಾದ ಕಾಗದದ ಚೂರುಗಳನ್ನು ಕೂಡಿಡುವ ಹವ್ಯಾಸಕ್ಕೆ ಬಿದ್ದದ್ದು, ನೀರು ಕಂಡರೆ ಹೆದರುವವನು ಸಾಲ ಮಾಡಿ ದೋಣಿ ಕೊಂಡ ಹಾಗೆ.

ನಾನು ಸಂಗ್ರಹಿಸುವುದು ಅಮೆರಿಕದ ಮೊತ್ತಮೊದಲ ಕಾಲದ ಅಂಚೆಚೀಟಿಗಳನ್ನು. ಬರೀ ಚೀಟಿಯನ್ನಲ್ಲ, ಚೀಟಿ ಯಾವ ಕಾಗದದ ಮೇಲೆ ಕೂತು ಊರಿಂದೂರಿಗೆ ಹೋಯಿತೋ ಆ ಕಾಗದದ ಸಮೇತ. ಇಷ್ಟು ಹೇಳುವಷ್ಟರಲ್ಲಿ ಎದುರಿಗಿದ್ದವರು ಕೇಳಿಯೇ ಕೇಳುತ್ತಾರೆ: ‘ಅಮೆರಿಕದ್ದೇ ಯಾಕೆ ಸಾರ್? ನಮ್ಮ ದೇಶದ್ದಿಲ್ವಾ?’ ಕೇಳುವವರ ಕೈಯಲ್ಲಿರುವ ಫೋನು ಅಮೆರಿಕದ್ದು, ಕಾಲಲ್ಲಿರುವ ಷೂ ಅಮೆರಿಕದ್ದು. ದೇಶಾಭಿಮಾನ ಮಾತ್ರ ನನ್ನ ಆಲ್ಬಮ್ಮಿನಲ್ಲಿ ಇರಬೇಕು. ಯೋಗ ಕಲಿಯಲು ನಮ್ಮ ಮೈಸೂರಿನ ಗೋಕುಲಂ ಬಡಾವಣೆಗೆ ಬಂದ ಬಿಳಿಯರು ಬೆಳಿಗ್ಗೆ ಬೆಳಿಗ್ಗೆ ಎಳನೀರು ಕುಡಿಯುತ್ತ ನಿಂತಿರುತ್ತಾರಲ್ಲ, ಅವರನ್ನು ಯಾರಾದರೂ ಹಿಡಿದು ನಿಲ್ಲಿಸಿ ‘ಯಾಕೆ, ನಿಮ್ಮೂರಲ್ಲಿ ಬಗ್ಗೋದಕ್ಕಾಗಲ್ವಾ?’ ಎಂದು ಕೇಳಿದ್ದುಂಟೆ?

ಅದನ್ನಾದರೂ ಸಹಿಸಬಹುದು. ಸಹಿಸಲಾಗದ್ದು ನೀರಿನ ಸಲಹೆ. ನಾವೆಲ್ಲ ಚಿಕ್ಕವರಿದ್ದಾಗ ಲಕೋಟೆಯ ಮೂಲೆ ಕತ್ತರಿಸಿ, ತಟ್ಟೆಯ ನೀರಿನಲ್ಲಿ ತೇಲಿಸಿ, ಚೀಟಿ ಬಿಡಿಸಿ, ಹಳೆಯ ಪೇಪರಿನ ಮೇಲೆ ಒಣಹಾಕಿ ಬೆಳೆದವರೇ. ಆ ವಿದ್ಯೆಯನ್ನು ಯಾರೂ ಇನ್ನೂ ಮರೆತಿಲ್ಲ. ಸರಸ್ವತಿಪುರಂನ ನಮ್ಮ ಪಕ್ಕದ ಮನೆಯವರು ನನ್ನ ಸಂಗ್ರಹವನ್ನು ಬಹಳ ಕನಿಕರದಿಂದ ನೋಡಿ, ‘ಅಯ್ಯೋ, ಎಲ್ಲಾ ಇನ್ನೂ ಅಂಟ್ಕೊಂಡೇ ಇವೆಯಲ್ರೀ! ಒಂದು ಬೋಗುಣಿ ಬಿಸಿನೀರು ಸಾಕು, ಹತ್ತು ನಿಮಿಷದಲ್ಲಿ ಬಿಡಿಸಿಕೊಡ್ತೀನಿ’ ಎಂದರು. ಆ ರಾತ್ರಿ ನಾನು ಬೀರುವಿನ ಬೀಗವನ್ನು ಎರಡು ಸಲ ಎಳೆದು ನೋಡಿದೆ. ಕಾಗದದಿಂದ ಚೀಟಿಯನ್ನು ಬಿಡಿಸುವುದೆಂದರೆ ಮದುವೆಮನೆಯಿಂದ ಮದುಮಗನೊಬ್ಬನನ್ನೇ ಎತ್ತಿಕೊಂಡು ಬಂದ ಹಾಗೆ. ಅವನು ಮದುಮಗನೇ, ಪೇಟವೂ ಇದೆ. ಆದರೆ ಯಾರ ಮದುವೆ, ಎಲ್ಲಿ, ಊಟಕ್ಕೆ ಏನಿತ್ತು, ಯಾರು ಮುನಿಸಿಕೊಂಡು ಹೋದರು, ಯಾವುದನ್ನೂ ಅವನೊಬ್ಬನನ್ನು ನೋಡಿ ಹೇಳಲಾಗದು.

ಆ ಕಾಲದ ಕಾಗದದ ಕಥೆಯೇ ಬೇರೆ. ಅಂಚೆಚೀಟಿ ಬರುವ ಮುಂಚೆ ಆ ದೇಶದಲ್ಲಿ ಸಾಮಾನ್ಯವಾಗಿ ಕಾಗದದ ಅಂಚೆ ಖರ್ಚನ್ನು ಕೊಡಬೇಕಾದವನು ಬರೆದವನಲ್ಲ, ಪಡೆದವನು. ಬಾಗಿಲಿಗೆ ಬಂದ ಕಾಗದದ ಕೈಬರಹ ನೋಡಿ, ಇದು ಚಿಕ್ಕಪ್ಪನದು, ಬೈಗುಳವೇ ಇರುತ್ತದೆ ಎಂದು ಗೊತ್ತಾದರೆ ಬೇಡವೆಂದು ತಿರುಗಿಸಿ ಕಳಿಸಬಹುದಿತ್ತು. ಎಂಥ ಸುಸಂಸ್ಕೃತ ವ್ಯವಸ್ಥೆ! ಈಗ ವಾಟ್ಸಾಪಿನಲ್ಲಿ ಬೆಳಗಿನ ಸುಭಾಷಿತ ಕಳಿಸುವವರ ವಿಷಯದಲ್ಲಿ ಇದನ್ನು ಮತ್ತೆ ಜಾರಿಗೆ ತರಬಾರದೇಕೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಆಮೇಲೆ ಚೀಟಿ ಬಂತು. ಮುನ್ನೂರು ಮೈಲಿಯವರೆಗೆ ಐದು ಸೆಂಟು, ಅದರಾಚೆಗೆ ಹತ್ತು. ನಮ್ಮ ಲೆಕ್ಕದಲ್ಲಿ ಮೈಸೂರಿನಿಂದ ಹೆಚ್ಚೂಕಡಿಮೆ ಚೆನ್ನೈವರೆಗೆ ಒಂದು ದರ, ಅಲ್ಲಿಂದ ಮುಂದೆ ಇನ್ನೊಂದು. ಚೀಟಿಗೆ ಅಂಚಿನ ತೂತುಗಳಿಲ್ಲ. ಹಾಳೆಯಿಂದ ಕತ್ತರಿಯಲ್ಲಿ ಕತ್ತರಿಸಿ ಕೊಡುತ್ತಿದ್ದರು. ಲಕೋಟೆಯೂ ಅಪರೂಪ. ಬರೆದ ಹಾಳೆಯನ್ನೇ ಮಡಿಸಿ, ಅರಗಿನಿಂದ ಮುಚ್ಚಿ, ಬೆನ್ನ ಮೇಲೆ ವಿಳಾಸ ಬರೆದರೆ ಆಯಿತು.

ಅಂಥ ಐದು ಸೆಂಟಿನದು ನನ್ನ ಹತ್ತಿರ ಒಂದೇ ಒಂದಿದೆ. ಅದಕ್ಕೆ ಕೊಟ್ಟ ಬೆಲೆಯನ್ನು ಇಲ್ಲಿ ಹೇಳುವುದಿಲ್ಲ. ಗೀತ ನಾನು ಬರೆದದ್ದನ್ನೆಲ್ಲ ಓದುತ್ತಾಳೆ. ಕಂದು ಬಣ್ಣದ ಹೆಬ್ಬೆಟ್ಟಿನ ಗಾತ್ರದ ಚೀಟಿ. ಅದರ ಮೇಲೆ ಆ ದೇಶದ ಅಂಚೆಗೆ ಮೊದಲ ಯಜಮಾನರಾಗಿದ್ದ ಮಹನೀಯರ ಮುಖ: ಹೆಗಲಿಗೆ ಇಳಿದ ಕೂದಲು, ಮುಂದಲೆಯಲ್ಲಿ ಮಾತ್ರ ಒಂದು ಎಳೆಯೂ ಇಲ್ಲ, ಮೈದಾನದಂಥ ಹಣೆ. ಕಾಗದ ಹೊರಟ ಊರು ಬಹಳ ಸಣ್ಣದಿರಬೇಕು. ಅಲ್ಲಿಯ ಪೋಸ್ಟ್‌ಮಾಸ್ತರನ ಬಳಿ ಚೀಟಿ ರದ್ದು ಮಾಡುವ ಮುದ್ರೆಯೇ ಇರಲಿಲ್ಲ; ಪೆನ್ನು ಎತ್ತಿಕೊಂಡು ಆ ಮಹನೀಯರ ಗಂಟಲಿಗೆ ಅಡ್ಡಡ್ಡ ಎರಡು ಗೀಟು ಹಾಕಿ ಕಳಿಸಿದ್ದಾನೆ. ಹೀಗೆ ಗೀಟು ಹಾಕಿಸಿಕೊಂಡದ್ದು ಅಗ್ಗ ಎಂಬ ಕಾರಣಕ್ಕೇ ಅದು ನನ್ನ ಕೈಗೆ ಎಟುಕಿತು. ಒಳಗಿನ ಕಾಗದದಲ್ಲಿ ಒಬ್ಬ ಅಂಗಡಿಯವನು ತನ್ನ ಭಾವಮೈದುನನಿಗೆ, ನೀನು ಪೀಪಾಯಿಯಲ್ಲಿ ಕಳಿಸಿದ ಸೇಬು ಮೇಲಿನ ಪದರ ಬಿಟ್ಟು ಉಳಿದದ್ದೆಲ್ಲ ಕೊಳೆತಿತ್ತು ಎಂದು ಪುಟ ತುಂಬ ಹಾರಾಡಿದ್ದಾನೆ. ಓದಿದಾಗಲೆಲ್ಲ ನನಗೆ ಅವನ ಕಡೆಯೇ ನ್ಯಾಯ ಕಾಣುತ್ತದೆ.

ಇದನ್ನು ಹೇಗೆ ಕಾಪಾಡಿಕೊಂಡಿದ್ದೆ ಎಂದು ಕೇಳಿ. ಮಳೆಗಾಲಕ್ಕೆ ತೇವ ಹೀರುವ ಪುಡಿಯ ಪೊಟ್ಟಣ, ಬೇಸಿಗೆಗೆ ಬಿಸಿಲು ಬೀಳದ ಗೋಡೆ, ಹುಳುವಿಗೆ ಬೇವಿನೆಲೆ, ಎಲ್ಲಕ್ಕೂ ಮೇಲೆ ಪಾರದರ್ಶಕ ಪ್ಲಾಸ್ಟಿಕ್ಕಿನ ಅಂಗಿ. ಬೆಂಕಿ, ನೀರು, ಇಲಿ, ಕಳ್ಳ, ಪಕ್ಕದ ಮನೆಯವರು, ಎಲ್ಲರನ್ನೂ ಯೋಚಿಸಿದ್ದೆ. ಯೋಚಿಸದೆ ಬಿಟ್ಟದ್ದು ಸರಸ್ವತಿಯನ್ನು.

ನವರಾತ್ರಿಯಲ್ಲಿ ನಮ್ಮ ಮನೆಯ ಪೂಜೆಯ ಅಧಿಕಾರ ನನ್ನ ಅಕ್ಕ ವಿಮಲಕ್ಕನದು. ಆಕೆ ನಿವೃತ್ತ ಮುಖ್ಯೋಪಾಧ್ಯಾಯಿನಿ, ಎರಡು ಬೀದಿ ಆಚೆ ವಾಸ. ಸ್ಕೂಲು ಬಿಟ್ಟು ವರ್ಷಗಳಾದರೂ ಗಂಟೆ ಹೊಡೆಯುವ ಕೈ ಇನ್ನೂ ಸುಮ್ಮನಾಗಿಲ್ಲ. ಸರಸ್ವತಿ ಪೂಜೆಯ ದಿನ ಮನೆಮಂದಿಯ ಪುಸ್ತಕಗಳನ್ನೆಲ್ಲ ದೇವರ ಮುಂದೆ ಜೋಡಿಸಿ, ಅರಿಶಿನ ಕುಂಕುಮ ಏರಿಸಿದರೆ, ವಿಜಯದಶಮಿಯವರೆಗೆ ಯಾರೂ ಓದುವಂತಿಲ್ಲ, ಮುಟ್ಟುವಂತಿಲ್ಲ. ಚಿಕ್ಕಂದಿನಲ್ಲಿ ನನಗೆ ಇದಕ್ಕಿಂತ ಇಷ್ಟವಾದ ಹಬ್ಬ ಇರಲಿಲ್ಲ. ಈ ಸಲ ಇನ್ನೊಂದು ಸಂಗತಿಯೂ ಕೂಡಿಬಂದಿತ್ತು. ಹಬ್ಬ ಕಳೆದ ಮೇಲೆ ನಮ್ಮ ಊರಿನಲ್ಲಿ ಅಂಚೆಚೀಟಿಗಳ ಪ್ರದರ್ಶನ. ಎಷ್ಟೋ ವರ್ಷ ಅರ್ಜಿ ಹಾಕಿ, ಎಷ್ಟೋ ಸಲ ‘ಮುಂದಿನ ಬಾರಿ ನೋಡೋಣ’ ಎನ್ನಿಸಿಕೊಂಡು, ಕೊನೆಗೆ ನನ್ನ ಕಾಗದಗಳನ್ನು ಜೋಡಿಸಿ ತೋರಿಸಲು ನನಗೊಂದು ಚೌಕಟ್ಟು ಕೊಟ್ಟಿದ್ದರು. ಅದರ ನಟ್ಟನಡುವಿನ ಜಾಗ ಐದು ಸೆಂಟಿನ ಕಾಗದಕ್ಕೆ. ಹಾಗಾಗಿ ಅದನ್ನು ಬೀರುವಿನಿಂದ ತೆಗೆದು ಮೇಜಿನ ಮೇಲಿಟ್ಟಿದ್ದೆ. ಪೂಜೆಯ ದಿನ ಹೂವು ತರಲೆಂದು ಪೇಟೆಗೆ ಹೋದೆ. ಬಂದು ನೋಡಿದರೆ ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಅಂಗಿ ಮಾತ್ರ ಇತ್ತು.

ದೇವರ ಮುಂದೆ ಮಗಳ ಸಿ.ಎ. ಪುಸ್ತಕಗಳು, ಗೀತಳ ಸಂಗೀತದ ಪುಸ್ತಕ, ಪಂಚಾಂಗ. ಇವುಗಳ ಮೇಲೆ, ಎಲ್ಲಕ್ಕಿಂತ ಮೇಲೆ, ನನ್ನ ಅಮೆರಿಕದ ಕಾಗದ. ಮಹನೀಯರ ಹಣೆಯ ನಡುಮಧ್ಯೆ ಅರಿಶಿನದ ಮೇಲೆ ಕುಂಕುಮದ ದುಂಡನೆಯ ಬೊಟ್ಟು. ಇನ್ನೂ ಒದ್ದೆ.

‘ಅಕ್ಕಾ! ಇದನ್ನ ಯಾಕೆ ಇಲ್ಲಿಟ್ಟೆ?’

‘ಹಾಗಂದ್ರೇನೋ? ಎಲ್ಲರದ್ದೂ ಇಟ್ಟೆ. ನಿಂದೇನಿದೆ ಅಂತ ಹುಡುಕ್ದೆ. ಇದು ಬಿಟ್ರೆ ನೀನು ಇನ್ನೇನು ಓದ್ತೀಯ?’

‘ಪ್ಲಾಸ್ಟಿಕ್ ಒಳಗಿತ್ತಲ್ಲ!’

‘ದೇವರ ಮುಂದೆ ಯಾರಾದ್ರೂ ಪ್ಲಾಸ್ಟಿಕ್ ಸುತ್ತಿ ಇಡ್ತಾರೇನೋ? ತೆಗ್ದೆ.’

‘ಕುಂಕುಮ ಇಡಲೇಬೇಕು ಅಂದ್ರೆ ಕಾಗದದ ಮೂಲೇಲಿ ಇಡಬಹುದಿತ್ತಲ್ಲ. ಆ ಚೀಟಿ ಮೇಲೇ ಯಾಕೆ?’

‘ಅಷ್ಟಗಲ ಹಣೇನ ಬರಿದಾಗಿಟ್ಕೊಂಡು ನನ್ನನ್ನೇ ನೋಡ್ತಾ ಕೂತಿದ್ದ ಕಣೋ ಆ ಮಹರಾಯ. ಹಬ್ಬದ ದಿನ ಮನೆಗೆ ಬಂದಿದಾನೆ. ಹಾಗೇ ಬಿಡೋಕಾಗತ್ತಾ?’

ಗೀತ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ನಾನು ಕೂಗಾಡಿದೆ. ಏನೇನು ಅಂದೆ ಎಂದು ಪೂರ್ತಿ ಬರೆದರೆ ನನ್ನ ಮೊದಲನೆಯ ವಾಕ್ಯವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಇದು ನೂರ ಎಪ್ಪತ್ತು ವರ್ಷ ಒಂದು ಕಲೆಯಿಲ್ಲದೆ ಉಳಿದುಬಂದದ್ದು, ಸಮುದ್ರ ದಾಟಿ ಬಂದದ್ದು, ನಿನ್ನ ಒಂದು ಬೆರಳಿಗೆ ಮುಗಿದುಹೋಯಿತು, ಪ್ರದರ್ಶನದಲ್ಲಿ ಯಾವ ಮುಖ ತೋರಿಸಲಿ, ಹೀಗೆ. ಅಕ್ಕ ಬತ್ತಿ ಹೊಸೆಯುತ್ತ ಎಲ್ಲವನ್ನೂ ಕೇಳಿಸಿಕೊಂಡು, ‘ಪೂಜೆಗಿಟ್ಟದ್ದು. ವಿಜಯದಶಮಿಗೆ ಮುಂಚೆ ಕೈ ಹಚ್ಚಿದ್ರೆ ನೋಡು’ ಎಂದಳು. ಐವತ್ತು ದಾಟಿದ ನನಗೆ ಆಕೆ ಆ ದನಿಯಲ್ಲಿ ಮಾತಾಡಿದರೆ ಈಗಲೂ ಅಂಗೈ ಹಿಂದಕ್ಕೆ ಹೋಗುತ್ತದೆ.

ವಿಜಯದಶಮಿಯವರೆಗೆ ನಾನು ಅನುಭವಿಸಿದ್ದನ್ನು ಯಾವ ವಿಮೆಯೂ ತುಂಬಿಕೊಡಲಾರದು. ನೈವೇದ್ಯದ ಸಿಹಿಗೆ ಇರುವೆ ಬಂದೀತು. ಊದುಬತ್ತಿಯ ಕಿಡಿ ಹಾರೀತು. ದೀಪದ ಎಣ್ಣೆ ಹರಿದೀತು. ಗಳಿಗೆಗೊಮ್ಮೆ ದೇವರ ಮುಂದೆ ಹೋಗಿ ಕೂತು ಕಣ್ಣು ಕಿರಿದು ಮಾಡಿ ನೋಡುತ್ತಿದ್ದೆ. ನೋಡಿದವರಿಗೆ ಧ್ಯಾನದ ಹಾಗೆ ಕಂಡಿರಬೇಕು. ‘ವಯಸ್ಸಾಗ್ತಾ ಬುದ್ಧಿ ಬರ್ತಾ ಇದೆ’ ಎಂದು ಅಕ್ಕ ಗೀತಳಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು.

ಕೊನೆಗೆ ಕಾಗದ ನನ್ನ ಕೈಗೆ ಬಂದಾಗ ಬೊಟ್ಟು ಒಣಗಿ, ಒಳಕ್ಕಿಳಿದು, ಅಲ್ಲಿಯೇ ಹುಟ್ಟಿ ಬೆಳೆದದ್ದರ ಹಾಗೆ ಕೂತಿತ್ತು. ಓಡಿದ್ದು ಚಿಕ್ಕೇಗೌಡರ ಮನೆಗೆ. ಗೌಡರು ನಮ್ಮ ಅಂಚೆಚೀಟಿ ಸಂಘದ ಸದಸ್ಯರು, ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿ ನಿವೃತ್ತರಾದವರು, ಪ್ರಯೋಗಶಾಲೆ ಕೈತಪ್ಪಿದ ದುಃಖದಲ್ಲಿರುವವರು. ನನ್ನ ಕಷ್ಟ ಕೇಳಿ ಅವರ ಮುಖ ಅರಳಿದ್ದು ನನಗೆ ಸರಿಬೀಳಲಿಲ್ಲ.

‘ನೇರವಾಗಿ ಇದರ ಮೇಲೆ ಕೈ ಮಾಡೋದು ಬೇಡ ಸಾರ್. ಮೊದಲು ಬೇರೆ ಕಾಗದದ ಮೇಲೆ ನೋಡೋಣ. ಅರಿಶಿನ ಹಚ್ಚಿದ ಕಾಗದ ಎಲ್ಲಿ ಸಿಗುತ್ತೆ?’

ಅರಿಶಿನ ಹಚ್ಚಿದ ಕಾಗದಕ್ಕೆ ಮೈಸೂರಿನಲ್ಲಿ ಬರವೇ? ಅವರ ಶೋಕೇಸಿನಲ್ಲೇ ಮದುವೆಯ ಕರೆಯೋಲೆಗಳ ಕಟ್ಟಿತ್ತು. ಪ್ರತಿಯೊಂದರ ನಾಲ್ಕೂ ಮೂಲೆಗೆ ಅರಿಶಿನ. ಗೌಡರು ಯಾರದೋ ಮದುವೆಯ ಮೂಲೆಯೊಂದಕ್ಕೆ ಹತ್ತಿಯಿಂದ ಸೋಪಿನ ನೀರು ಮುಟ್ಟಿಸಿದರು. ಹಳದಿ ಹೋಗಲಿಲ್ಲ. ನಾವಿಬ್ಬರೂ ನೋಡುತ್ತಿದ್ದಂತೆಯೇ ಕೆಂಪಗೆ, ರಕ್ತದ ಹಾಗೆ ಕೆಂಪಗೆ ತಿರುಗಿತು. ಆರತಿಗೆ ಓಕುಳಿ ಕದಡುವಾಗ ಅರಿಶಿನಕ್ಕೆ ಸುಣ್ಣ ಹಾಕಿದರೆ ಏನಾಗುತ್ತದೋ ಅದೇ ಆಗಿತ್ತು. ಗೌಡರು ಎರಡನೆಯ ಮೂಲೆಗೆ ಸ್ಪಿರಿಟ್ ಹಾಕಿದರು. ಅದು ಕರಗಿ, ಹಬ್ಬಿ, ವರನ ತಾತನ ಹೆಸರಿನವರೆಗೂ ಹಳದಿಯಾಯಿತು.

‘ಬುಡಿ ಸಾರ್. ಇದು ಹೋಗೋ ಪೈಕಿ ಅಲ್ಲ. ಹೋಗೋದಿದ್ರೆ ಮುಖಾನೂ ಕರ್ಕೊಂಡೇ ಹೋಗುತ್ತೆ’ ಎಂದರು ಗೌಡರು. ಮೂರನೆಯ ಮೂಲೆಯ ಕಡೆ ಮಾತ್ರ ಅವರಿಗಿನ್ನೂ ಆಸೆಯಿತ್ತು. ನಾನು ಕಾಗದವನ್ನು ಎದೆಗವಚಿಕೊಂಡು ಹೊರಗೆ ಬಂದೆ.

ಪ್ರದರ್ಶನದ ದಿನ ಅದನ್ನು ನಡುವಿನ ಜಾಗದಲ್ಲಿ ಸಿಕ್ಕಿಸಿದೆ. ಬೇರೆ ದಾರಿ ಇರಲಿಲ್ಲ. ಆ ಜಾಗ ಖಾಲಿ ಬಿಟ್ಟರೆ ಉಳಿದವೆಲ್ಲ ಅರ್ಥ ಕಳೆದುಕೊಳ್ಳುತ್ತಿದ್ದವು. ದೂರದಿಂದ ನೋಡಿದರೆ ಯಾವುದೋ ಕೆಂಪು ಮುದ್ರೆ ಎಂದುಕೊಂಡಾರು ಎಂಬ ಕಳ್ಳ ಆಸೆಯೂ ಇತ್ತು. ಅಕ್ಕ ರೇಷ್ಮೆ ಸೀರೆ ಉಟ್ಟು ಬಂದಿದ್ದಳು. ಅವಳೊಡನೆ ನಾನಿನ್ನೂ ಸರಿಯಾಗಿ ಮಾತಾಡುತ್ತಿರಲಿಲ್ಲ. ಅದು ಅವಳ ಗಮನಕ್ಕೆ ಬಂದಂತಿರಲಿಲ್ಲ. ‘ನನ್ನ ತಮ್ಮನದು’ ಎಂದು ಪಕ್ಕದಲ್ಲಿ ನಿಂತವರಿಗೆಲ್ಲ ಹೇಳುತ್ತಿದ್ದಳು. ‘ಅಮೆರಿಕದ್ದು. ಎಲ್ಲಾ ಅಸಲಿ.’

ತೀರ್ಪುಗಾರರಿಗಿಂತ ಮುಂಚೆ ಪ್ರದರ್ಶನದ ಕಾರ್ಯದರ್ಶಿ ಸುತ್ತು ಬಂದರು. ನನ್ನ ಚೌಕಟ್ಟಿನ ಮುಂದೆ ನಿಂತರು. ಕನ್ನಡಕ ಮೇಲಕ್ಕೆ ಹೋಯಿತು, ಕೆಳಕ್ಕೆ ಬಂತು.

‘ಏನ್ರೀ ಇದು ಗಲೀಜು? ಕುಂಕುಮವಾ? ಯಾವ ತಿಳಿಗೇಡಿ ಕೈಲಿ ಕೊಟ್ಟಿದ್ರಿ ಇದನ್ನ? ತೆಗೀರಿ, ತೆಗೀರಿ. ಹೊರಗಿನಿಂದ ತೀರ್ಪುಗಾರರು ಬಂದಿದಾರೆ. ನಮ್ಮೂರಿನ ಮರ್ಯಾದೆ ಏನಾಗ್ಬೇಕು?’

ಇದರಲ್ಲಿ ತಪ್ಪೇನೂ ಇರಲಿಲ್ಲ. ಇದಕ್ಕಿಂತ ಹೆಚ್ಚಿನದನ್ನೇ ನಾನು ಮನೆಯಲ್ಲಿ ಅಂದಿದ್ದೆ. ಅಕ್ಕ ಈಗ ಕಾರ್ಯದರ್ಶಿಯ ಕಿವಿ ಹಿಂಡುತ್ತಾಳೆ ಎಂದುಕೊಂಡು ತಿರುಗಿ ನೋಡಿದೆ. ಆಕೆ ಒಂದು ಹೆಜ್ಜೆ ಹಿಂದಕ್ಕೆ ಸರಿದಿದ್ದಳು. ಕುಂಕುಮ ಇಟ್ಟ ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು.

‘ತೆಗ್ದ್‌ಬಿಡು ಕಣೋ’ ಎಂದಳು, ನನಗೆ ಮಾತ್ರ ಕೇಳುವ ಹಾಗೆ. ‘ನಂಗೇನು ಗೊತ್ತಿತ್ತು? ನಿನ್ನ ವಿದ್ಯೆ ಅಂದ್ಕೊಂಡೆ.’

ನಮ್ಮ ಮನೆಯಲ್ಲಿ ನನ್ನ ಚೀಟಿಗಳಿಗೆ ಬೇಕಾದಷ್ಟು ಹೆಸರುಗಳಿವೆ. ಹುಚ್ಚು, ಚಟ, ಕಸ, ‘ಅವರ ಅದು’. ವಿದ್ಯೆ ಎಂದು ಯಾರೂ ಅಂದಿರಲಿಲ್ಲ. ಸಿ.ಎ. ಪುಸ್ತಕಗಳ ಮೇಲೆ, ಪಂಚಾಂಗದ ಮೇಲೆ, ಎಲ್ಲಕ್ಕಿಂತ ಮೇಲೆ ಇಡಬೇಕಾದ್ದು ಎಂದು ಯಾರಿಗೂ, ನಿಜ ಹೇಳಬೇಕೆಂದರೆ ನನಗೂ, ತೋಚಿರಲಿಲ್ಲ. 

‘ತೆಗೆಯಲ್ಲ ಕಣ್ರೀ’ ಎಂದೆ ಕಾರ್ಯದರ್ಶಿಗೆ. ‘ಈ ಗಂಟಲ ಮೇಲೆ ಎರಡು ಗೀಟಿದೆಯಲ್ಲ, ಅದೇನು? ಗೊತ್ತು ಗುರಿಯಿಲ್ಲದ ಊರಿನ ಪೋಸ್ಟ್‌ಮಾಸ್ತರ ಅವಸರದಲ್ಲಿ ಗೀಚಿದ್ದು. ಅದು ಇತಿಹಾಸ, ಅದಕ್ಕೆ ಪುಸ್ತಕಾನೇ ಇದೆ. ನಮ್ಮಕ್ಕ ಸ್ನಾನ ಮಾಡಿ, ಮಡಿ ಉಟ್ಟು, ಉಂಗುರದ ಬೆರಳಲ್ಲಿ ಅಳತೆ ನೋಡಿ ಇಟ್ಟಿದ್ದು ಗಲೀಜಾ? ಆ ತಿಳಿಗೇಡಿ ಅಂದ್ರಲ್ಲ, ಅವರು ಇವರೇ. ಇಲ್ಲೇ ನಿಂತಿದಾರೆ. ಈಗ ಇನ್ನೊಂದ್ಸಲ ಅನ್ನಿ ನೋಡೋಣ.’

ಕಾರ್ಯದರ್ಶಿ ಅಕ್ಕನ ಕಡೆ ತಿರುಗಿದರು. ನಮ್ಮೂರಿನಲ್ಲಿ ರೇಷ್ಮೆ ಸೀರೆ ಉಟ್ಟ ಹಿರಿಯ ಹೆಂಗಸಿನ ಮುಖ ನೋಡಿಕೊಂಡು ಅದನ್ನು ಅನ್ನುವ ಗಂಡಸು ಇನ್ನೂ ಹುಟ್ಟಿಲ್ಲ. ‘ಹಾಗಾದ್ರೆ ಕೆಳಗೆ ಸತ್ಯ ಬರೀರಿ, ಆಮೇಲೆ ನನ್ನನ್ನ ಕೇಳ್ಬೇಡಿ’ ಎಂದು ಮುಂದಿನ ಚೌಕಟ್ಟಿಗೆ ಹೋದರು. ಬರೆದೆ: ‘ಗಂಟಲಿನ ಗೀಟು ಅಲ್ಲಿಯ ಪೋಸ್ಟ್‌ಮಾಸ್ತರನದು. ಹಣೆಯ ಅರಿಶಿನ ಕುಂಕುಮ ಸರಸ್ವತಿ ಪೂಜೆಯಂದು ನನ್ನ ಅಕ್ಕ ಇಟ್ಟದ್ದು.’ ಅವಸರಕ್ಕೆ ಅಕ್ಷರ ಸೊಟ್ಟಗಾಯಿತು. ಅಕ್ಕ ಹತ್ತಿರ ಬಂದು ಓದಿದಳು. ‘ಅಕ್ಷರ ಮಾತ್ರ ಇವತ್ತಿಗೂ ಸುಧಾರಿಸಲಿಲ್ಲ’ ಎಂದಳು. ಬೆರಳು ಸೆರಗಿನಿಂದ ಹೊರಗೆ ಬಂದಿತ್ತು.

ತೀರ್ಪುಗಾರರು ವಯಸ್ಸಾದ ಹೆಂಗಸು. ಓದಿ, ನಕ್ಕು, ಅಕ್ಕನಿಗೆ ನಮಸ್ಕಾರ ಹೇಳಿ, ಕಾಗದದ ಸ್ಥಿತಿಗತಿಗೆ ಇರುವ ಅಂಕಗಳನ್ನು ಧಾರಾಳವಾಗಿ ಕತ್ತರಿಸಿದರು. ನನಗೆ ಸಿಕ್ಕಿದ್ದು ಭಾಗವಹಿಸಿದವರಿಗೆಲ್ಲ ಕೊಡುವ ಪ್ರಮಾಣಪತ್ರ. ಇದರ ಬಗ್ಗೆ ನನ್ನ ತಕರಾರು ಇನ್ನೂ ಇದೆ. ಉದ್ದನೆಯ ಒಂದು ಮನವಿಯನ್ನು ಮನಸ್ಸಿನಲ್ಲೇ ಬರೆಯುತ್ತಿದ್ದೇನೆ.

ಆದರೆ ಅದನ್ನು ಬರೆಯುತ್ತ ಬರೆಯುತ್ತ ಒಂದು ಯೋಚನೆ ಅಡ್ಡ ಬರುತ್ತದೆ. ಅಂಚೆಯವರು ಚೀಟಿಯ ಮೇಲೆ ಗೀಟೆಳೆಯುವುದು ಯಾಕೆ? ನಿನ್ನ ಕೆಲಸ ಮುಗಿಯಿತು, ಇನ್ನು ನೀನು ಎಲ್ಲಿಯೂ ನಡೆಯಬಾರದು ಎಂದು ಹೇಳುವುದಕ್ಕೆ. ನಮ್ಮ ಹೆಂಗಸರು ಹಬ್ಬದಲ್ಲಿ ಪುಸ್ತಕಕ್ಕೆ, ಹೊಲಿಗೆ ಯಂತ್ರಕ್ಕೆ, ಸ್ಕೂಟರಿಗೆ ಬೊಟ್ಟಿಡುವುದು ಯಾಕೆ? ಇನ್ನೊಂದು ವರ್ಷ ನಡೆ ಎಂದು ಹೇಳುವುದಕ್ಕೆ. ಆಫೀಸಿನಲ್ಲಿ ಚಿಕ್ಕ ವಯಸ್ಸಿನ ಅಧಿಕಾರಿಗಳು ನನ್ನ ಕಡೆ ನೋಡುವಾಗ ಅವರ ಕೈಯಲ್ಲಿ ಪೆನ್ನಿರುವುದು ನನಗೆ ಕಾಣುತ್ತಿರುತ್ತದೆ. ಆ ಗೀಟು ಇವತ್ತಲ್ಲ ನಾಳೆ ಬಿದ್ದೇ ಬೀಳುತ್ತದೆ, ನಿವೃತ್ತಿಯ ನಿಯಮವೇ ಹಾಗಿದೆ. ಆಗ ಅದಕ್ಕಿಂತ ನಾಲ್ಕು ಬೆರಳು ಮೇಲೆ ಒಂದಿಷ್ಟು ಜಾಗ ಇನ್ನೂ ಖಾಲಿ ಇದೆ ಎಂದು ಯಾರಾದರೂ ಒದ್ದೆ ಬೆರಳು ಹಿಡಿದು ಹತ್ತಿರ ಬಂದರೆ, ನಾನು ಕೂಗಾಡುವುದಿಲ್ಲ. ಸುಮ್ಮನೆ ಹಣೆ ಮುಂದೆ ಮಾಡುತ್ತೇನೆ.